ಭ್ರೂಣವಿದ್ಯೆಯ ಓದು

ಕಳೆದ ಬೇಸಗೆಯ ರಜೆಯಲ್ಲಿ ಒಂದು ಸಂಜೆ ನನ್ನ ಹಳೆಯ ಶಿಷ್ಯೆಯೊಬ್ಬಳು ತನ್ನ ತಂದೆಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ಹತ್ತನೆಯ ತರಗತಿಯವರೆಗೆ ನಮ್ಮ ಶಾಲೆಯಲ್ಲಿಯೇ, ಕನ್ನಡ ಮಾಧ್ಯಮದಲ್ಲಿಯೇ ಓದಿದವಳು. ಬಳಿಕ ಪಟ್ಟಣದ ಕಾಲೇಜಿನಲ್ಲಿ ಬಿ.ಎಸ್‌ಸಿ. ಮುಗಿಸಿದ್ದಳು. ತಂದೆ ರಾಮನಗರದ ಕಡೆಯ ರೈತರು. ಎರಡು ಎಕರೆ ಹಿಪ್ಪುನೇರಳೆ ತೋಟವಿಟ್ಟು ರೇಷ್ಮೆಹುಳು ಸಾಕತಕ್ಕವರು; ಮನೆಯಲ್ಲಿ ಎರಡು ಹಸುಗಳೂ ಇವೆ. ಕಾಫಿಯ ಲೋಟವನ್ನು ಕೆಳಗಿಟ್ಟು ಅವರು ನೇರವಾಗಿ ವಿಷಯಕ್ಕೆ ಬಂದರು.

"ಮೇಷ್ಟ್ರೇ, ಇವಳು ಏನೋ ಭ್ರೂಣದ ಓದು ಓದ್ತೀನಿ ಅಂತಾಳೆ. ಇನ್ನೂ ಎರಡು ವರ್ಷವಂತೆ. ಓದಿ ಬಂದರೆ ಡಾಕ್ಟರಾಗ್ತಾಳಾ?"

"ಡಾಕ್ಟರಲ್ಲ ಅಪ್ಪಾಜಿ" ಎಂದಳು ಮಗಳು.

"ಹಂಗಾದರೆ ನರ್ಸಾ?"

"ಅದೂ ಅಲ್ಲ."

"ನೋಡಿ ಮೇಷ್ಟ್ರೇ, ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ನಾಳೆ ಗಂಡಿನ ಕಡೆಯವರು ಕೇಳಿದರೆ ನಾನು ಏನಂತ ಹೇಳಲಿ?"

ಮೂವತ್ತು ವರ್ಷ ಹಳಗನ್ನಡ, ವ್ಯಾಕರಣ, ಛಂದಸ್ಸು ಎಂದು ಪಾಠ ಹೇಳಿದ ಪಂಡಿತನಾದ ನನ್ನ ಬಳಿ ಆ ಪ್ರಶ್ನೆಗೆ ಉತ್ತರವಿರಲಿಲ್ಲ. "ಗೌಡರೇ, ನನಗೆ ಹದಿನೈದು ದಿನ ಕೊಡಿ, ತಿಳಿದುಕೊಂಡು ಹೇಳುತ್ತೇನೆ" ಎಂದೆ. ಆ ಹುಡುಗಿಯ ಪುಸ್ತಕಗಳನ್ನು ಇಟ್ಟುಕೊಂಡು, ನಮ್ಮ ಶಾಲೆಯ ವಿಜ್ಞಾನದ ಉಪಾಧ್ಯಾಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಐವತ್ತು ದಾಟಿದ ವಯಸ್ಸಿನಲ್ಲಿ ನಾನೇ ಒಬ್ಬ ವಿದ್ಯಾರ್ಥಿಯಾದೆ. ಹಾಗೆ ಕಲಿತುದರಲ್ಲಿ ಕೆಲವನ್ನು ಈಗ ನಿಮ್ಮ ಮುಂದೆ ಇಡುತ್ತಿದ್ದೇನೆ. ಮನೆಯಲ್ಲಿ ಬಿ.ಎಸ್‌ಸಿ. ಓದುತ್ತಿರುವ ಮಕ್ಕಳಿದ್ದರೆ ಅವರನ್ನೂ ಹತ್ತಿರ ಕರೆದು ಕೂರಿಸಿಕೊಳ್ಳಿ.

ಮೊದಲು ಹೆಸರಿನ ವಿಚಾರ. ಈ ಶಾಸ್ತ್ರಕ್ಕೆ ಕ್ಲಿನಿಕಲ್ ಎಂಬ್ರಿಯಾಲಜಿ ಎಂದು ಹೆಸರು. ಚಿಕಿತ್ಸಾ ಭ್ರೂಣವಿಜ್ಞಾನ ಎಂದು ನಾವು ಕರೆಯಬಹುದು. ತಾಯಿಯ ಗರ್ಭದಲ್ಲಿ ನಡೆಯಬೇಕಾದ ಬೀಜಗಳ ಕೂಟವು ಯಾವುದೋ ಕಾರಣದಿಂದ ಅಲ್ಲಿ ನಡೆಯದೆ ಹೋದಾಗ, ಅದನ್ನು ಪ್ರಯೋಗಶಾಲೆಯಲ್ಲಿ ನಡೆಯಿಸಿ, ಮೂಡಿದ ಭ್ರೂಣವನ್ನು ಐದಾರು ದಿನ ಪೋಷಿಸಿ, ಗರ್ಭಕ್ಕೆ ಸೇರಿಸಲು ವೈದ್ಯರ ಕೈಗೆ ಒಪ್ಪಿಸುವ ವಿದ್ಯೆ ಇದು. ಹೆಣ್ಣುಮಗಳನ್ನು ಪರೀಕ್ಷಿಸುವವರು, ಔಷಧ ಕೊಡುವವರು, ಅಂಡಾಣುವನ್ನು ಹೊರತೆಗೆಯುವವರು ವೈದ್ಯರು. ಹೊರತೆಗೆದ ಕ್ಷಣದಿಂದ ಮರಳಿ ಗರ್ಭ ಸೇರುವ ಕ್ಷಣದವರೆಗೆ ಅದರ ಯೋಗಕ್ಷೇಮ ಭ್ರೂಣಶಾಸ್ತ್ರಜ್ಞರದು.

ಭ್ರೂಣ ಎಂಬ ಮಾತು ನಮ್ಮ ಜನಕ್ಕೆ ಹೊಸದಲ್ಲ. ಆದರೆ ನಮ್ಮ ದುರದೃಷ್ಟ, ಅದು ನಮ್ಮ ಕಿವಿಗೆ ಬೀಳುವುದೆಲ್ಲ ಹತ್ಯೆ ಎಂಬ ಮಾತಿನೊಂದಿಗೆ ಕೂಡಿಕೊಂಡೇ. ಹೆಣ್ಣುಮಗುವೆಂದು ತಿಳಿದು ಬಸಿರಿನಲ್ಲೇ ಕಳೆದ ಪಾಪದ ನೆನಪು ಆ ಶಬ್ದಕ್ಕೆ ಅಂಟಿಕೊಂಡಿದೆ. ಭ್ರೂಣವನ್ನು ಕಾಯುವ ಒಂದು ವಿದ್ಯೆಯೂ ಇದೆಯೆಂದು ತಿಳಿದಾಗ, ಆ ಶಬ್ದಕ್ಕೆ ಹಿಡಿದ ಮೈಲಿಗೆ ಸ್ವಲ್ಪ ತೊಳೆದುಹೋದಂತೆ ನನಗಂತೂ ಅನಿಸಿತು.

ನಮ್ಮ ಹಿಂದಿನವರು ಈ ವಿಷಯವನ್ನು ಯೋಚಿಸಿರಲಿಲ್ಲವೆಂದಲ್ಲ. ಗರ್ಭೋಪನಿಷತ್ತೆಂಬ ಪುಟ್ಟ ಗ್ರಂಥದಲ್ಲಿ ಗರ್ಭವು ಮೊದಲ ರಾತ್ರಿ ಕಲಲವೆನಿಸುತ್ತದೆಂದೂ ಏಳು ರಾತ್ರಿಗೆ ಬುದ್ಬುದ, ಅಂದರೆ ನೀರಗುಳ್ಳೆಯಂತಾಗುತ್ತದೆಂದೂ ಹೇಳಿದೆ. ಇಂದಿನ ಸೂಕ್ಷ್ಮದರ್ಶಕದಲ್ಲಿ ಐದನೆಯ ದಿನದ ಭ್ರೂಣವು ಒಳಗೆ ನೀರು ತುಂಬಿದ ಗುಳ್ಳೆಯಂತೆಯೇ ಕಾಣುತ್ತದೆ. ಇದನ್ನು ಓದಿ ನನಗೆ ರೋಮಾಂಚವಾಯಿತು. ಆದರೆ ಕೂಡಲೇ ಮನಸ್ಸಿಗೆ ಕಡಿವಾಣ ಹಾಕಿಕೊಂಡೆ. ಆ ಋಷಿಗಳ ಬಳಿ ಸೂಕ್ಷ್ಮದರ್ಶಕವಿರಲಿಲ್ಲ. ಅವರದು ಊಹೆ, ಒಳ್ಳೆಯ ಊಹೆ. ಗಾಂಧಾರಿಯ ನೂರೊಂದು ತುಪ್ಪದ ಕೊಡಗಳು ಕಾವ್ಯದ ಕಲ್ಪನೆ. ಕಲ್ಪನೆಯನ್ನು ಕಲ್ಪನೆಯೆಂದೇ ಗೌರವಿಸಬೇಕು. ಅದನ್ನು ಪ್ರಯೋಗಶಾಲೆಯ ದಾಖಲೆಯೆಂದು ತೋರಿಸಹೊರಟರೆ ಕಾವ್ಯಕ್ಕೂ ಅವಮಾನ, ವಿಜ್ಞಾನಕ್ಕೂ ಅವಮಾನ. ಇನ್ನು ಭ್ರೂಣಶಾಸ್ತ್ರವೇ ಕನ್ನಡಿಗರಿಗೆ ಅಪರಿಚಿತವೆನ್ನುವಂತಿಲ್ಲ. ನಮ್ಮ ಬಿ.ಜಿ.ಎಲ್. ಸ್ವಾಮಿಯವರು ಸಸ್ಯಗಳ ಭ್ರೂಣಶಾಸ್ತ್ರದಲ್ಲಿ ಹೆಸರಾದ ವಿದ್ವಾಂಸರು. ಅವರ 'ಹಸುರು ಹೊನ್ನು' ಗ್ರಂಥಕ್ಕೆ 1978ರಲ್ಲಿ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂತು. ಹೂವಿನ ಒಡಲಿನಲ್ಲಿ ಬೀಜ ಮೂಡುವ ಬಗೆಯನ್ನು ಕಂಡವರೇ ಕನ್ನಡದ ದೊಡ್ಡ ಲೇಖಕರೂ ಆಗಿದ್ದರೆಂಬುದನ್ನು ನಾವು ಮರೆಯಬಾರದು.

ಅದೇ 1978ನೆಯ ಇಸವಿ ಮಾನವ ಭ್ರೂಣವಿದ್ಯೆಗೂ ಸ್ಮರಣೀಯ. ಆ ವರ್ಷದ ಜುಲೈ 25ರಂದು ಇಂಗ್ಲೆಂಡಿನ ಓಲ್ಡ್‌ಹ್ಯಾಮ್ ಪಟ್ಟಣದ ಆಸ್ಪತ್ರೆಯಲ್ಲಿ ಲೂಯಿಸ್ ಬ್ರೌನ್ ಎಂಬ ಹೆಣ್ಣುಮಗು ಹುಟ್ಟಿತು. ದೇಹದ ಹೊರಗೆ ಬೀಜಗಳು ಕೂಡಿ ಮೂಡಿದ ಭ್ರೂಣದಿಂದ ಹುಟ್ಟಿದ ಮೊದಲ ಶಿಶು ಅದು. ಪತ್ರಿಕೆಗಳು ಪ್ರನಾಳ ಶಿಶು ಎಂದು ಕರೆದವು. ವಾಸ್ತವವಾಗಿ ಅಲ್ಲಿ ಪ್ರನಾಳವಾಗಲಿ, ಪ್ರನಾಳದಲ್ಲಿ ಬೆಳೆದ ಮಗುವಾಗಲಿ ಇರಲಿಲ್ಲ. ಒಂದು ಪುಟ್ಟ ಗಾಜಿನ ತಟ್ಟೆಯಲ್ಲಿ ಕೆಲವು ದಿನ ಕಳೆದ ಭ್ರೂಣ, ಮಿಕ್ಕ ತಿಂಗಳುಗಳನ್ನೆಲ್ಲ ಎಲ್ಲ ಮಕ್ಕಳಂತೆ ತಾಯಿಯ ಬಸಿರಿನಲ್ಲೇ ಕಳೆಯಿತು. ಇದರ ಹಿಂದೆ ಹತ್ತು ವರ್ಷಗಳ ದುಡಿಮೆಯಿತ್ತು. ರಾಬರ್ಟ್ ಎಡ್ವರ್ಡ್ಸ್ ಎಂಬ ವಿಜ್ಞಾನಿ ಮತ್ತು ಪ್ಯಾಟ್ರಿಕ್ ಸ್ಟೆಪ್‌ಟೋ ಎಂಬ ವೈದ್ಯ 1968ರಿಂದ ಜೊತೆಗೂಡಿ ಕೆಲಸಮಾಡಿದ್ದರು. 1971ರಲ್ಲಿ ಅಲ್ಲಿನ ವೈದ್ಯಕೀಯ ಸಂಶೋಧನಾ ಮಂಡಲಿ ಅವರಿಗೆ ಹಣ ಕೊಡಲು ನಿರಾಕರಿಸಿತು. ಎಷ್ಟೋ ಸಲ ಭ್ರೂಣವನ್ನು ಗರ್ಭಕ್ಕೆ ಸೇರಿಸಿಯೂ ಫಲ ಕಾಣಲಿಲ್ಲ. ಎಡ್ವರ್ಡ್ಸರಿಗೆ ನೊಬೆಲ್ ಬಹುಮಾನ ಬಂದದ್ದು 2010ರಲ್ಲಿ. ಸ್ಟೆಪ್‌ಟೋ 1988ರಲ್ಲಿಯೇ ತೀರಿಕೊಂಡಿದ್ದರು.

ಆದರೆ ಆ ತಂಡದಲ್ಲಿ ಮೂರನೆಯವರೊಬ್ಬರಿದ್ದರು. ಜೀನ್ ಪರ್ಡಿ ಎಂಬ ಹೆಣ್ಣುಮಗಳು. ಆಕೆ ದಾದಿಯ ಶಿಕ್ಷಣ ಪಡೆದು ಬಂದವಳು. ಪ್ರಯೋಗಶಾಲೆಯ ಕೆಲಸವನ್ನು ಕೈಯಾರೆ ಕಲಿತು, ಮುಂದೆ ಲೂಯಿಸ್ ಆಗಿ ಹುಟ್ಟಿದ ಆ ಭ್ರೂಣದ ಕಣ ಒಡೆದು ಎರಡಾದುದನ್ನು ಮೊದಲು ಕಂಡವಳು. ಇಂದು ನಾವು ಕ್ಲಿನಿಕಲ್ ಎಂಬ್ರಿಯಾಲಜಿ ಎನ್ನುವ ವೃತ್ತಿಗೆ ಆಕೆಯೇ ಮೊದಲಿಗಳೆಂದರೆ ತಪ್ಪಾಗಲಾರದು. 1985ರಲ್ಲಿ, ಇನ್ನೂ ಮೂವತ್ತೊಂಬತ್ತರ ವಯಸ್ಸಿನಲ್ಲಿ ಆಕೆ ತೀರಿಕೊಂಡಳು. ಓಲ್ಡ್‌ಹ್ಯಾಮಿನಲ್ಲಿ ಸ್ಮಾರಕ ಫಲಕವನ್ನು ನಿಲ್ಲಿಸುವಾಗ ಆಕೆಯ ಹೆಸರೂ ಇರಬೇಕೆಂದು ಎಡ್ವರ್ಡ್ಸ್ ಪತ್ರ ಬರೆದು ಒತ್ತಾಯಿಸಿದರು. ಆದರೂ ಅದನ್ನು ಬಿಟ್ಟರು. ಬಹಳ ವರ್ಷಗಳ ಮೇಲೆ, 2015ರಲ್ಲಿ ಹಾಕಿದ ಫಲಕದಲ್ಲಿ ಮೂವರ ಹೆಸರೂ ಸೇರಿತು. ನನ್ನ ಶಿಷ್ಯೆ ಈ ಕಥೆ ಹೇಳುವಾಗ, "ಡಾಕ್ಟರೂ ಅಲ್ಲ, ನರ್ಸೂ ಅಲ್ಲ" ಎಂಬ ಅವಳ ತಂದೆಯ ಮಾತು ನನಗೆ ನೆನಪಾಯಿತು. ಹೆಸರಿಲ್ಲದ ಕೆಲಸ ಮಾಡುವವರು ಕಣ್ಣಿಗೆ ಬೀಳುವುದು ತಡವಾಗಿಯೇ.

ನಮ್ಮ ದೇಶದ ಕಥೆ ಇದಕ್ಕಿಂತ ದಾರುಣವಾದದ್ದು. ಲೂಯಿಸ್ ಹುಟ್ಟಿದ ಎಪ್ಪತ್ತು ದಿನಗಳಿಗೇ, ಅಂದರೆ 1978ರ ಅಕ್ಟೋಬರ್ 3ರಂದು, ಕಲ್ಕತ್ತೆಯಲ್ಲಿ ಡಾಕ್ಟರ್ ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ಒಂದು ಹೆಣ್ಣುಮಗು ಹುಟ್ಟಿತು. ದುರ್ಗಾ ಎಂದು ಕರೆದರು. ಇಂಗ್ಲೆಂಡಿನಲ್ಲಿದ್ದಂಥ ಸೌಕರ್ಯ ಯಾವುದೂ ಇವರಿಗಿರಲಿಲ್ಲ. ಆದರೂ ಭ್ರೂಣವನ್ನು ಹೆಪ್ಪುಗಟ್ಟಿಸಿ ಕಾದಿರಿಸಿ, ಅನುಕೂಲ ಕಾಲದಲ್ಲಿ ಗರ್ಭಕ್ಕೆ ಸೇರಿಸುವ ಕ್ರಮವನ್ನು ಅವರು ಅನುಸರಿಸಿದ್ದರು. ಅದು ಇಂದು ಜಗತ್ತಿನಲ್ಲೆಲ್ಲ ನಿತ್ಯವೂ ನಡೆಯುವ ಕೆಲಸ. ಆದರೆ ಆಗ ಸರ್ಕಾರ ನೇಮಿಸಿದ ಸಮಿತಿ ಅವರ ಮಾತನ್ನು ನಂಬಲಿಲ್ಲ. ಹೊರದೇಶದ ವಿದ್ವತ್ಸಭೆಗೆ ಹೋಗಲು ಅವರಿಗೆ ಅನುಮತಿ ದೊರೆಯಲಿಲ್ಲ. ಕಡೆಗೆ ಅವರನ್ನು ಕಣ್ಣಿನ ವಿಭಾಗಕ್ಕೆ ವರ್ಗ ಮಾಡಿದರು. 1981ರ ಜೂನ್ 19ರಂದು ಅವರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು.

1986ರಲ್ಲಿ ಮುಂಬಯಿಯಲ್ಲಿ ಹರ್ಷಾ ಎಂಬ ಮಗು ಹುಟ್ಟಿದಾಗ ಅದನ್ನೇ ದೇಶದ ಮೊದಲನೆಯದೆಂದು ದಾಖಲೆ ಮಾಡಿದರು. ಅದರ ವಿಜ್ಞಾನಿ ಡಾಕ್ಟರ್ ಟಿ.ಸಿ. ಆನಂದ್ ಕುಮಾರ್. ಮುಂದೆ ಮುಖೋಪಾಧ್ಯಾಯರ ಟಿಪ್ಪಣಿಗಳು ಈತನ ಕೈಸೇರಿದವು. ಕುಳಿತು ಓದಿದರು, ಓದಿ, 1997ರಲ್ಲಿ ನಮ್ಮ ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ, ಮೊದಲಿಗ ತಾನಲ್ಲ, ಮುಖೋಪಾಧ್ಯಾಯರೇ ಎಂದು ಬರೆದರು. ತನ್ನ ತಲೆಯ ಮೇಲಿನ ಕಿರೀಟವನ್ನು ತಾನೇ ತೆಗೆದು, ಸತ್ತವನೊಬ್ಬನ ತಲೆಗೆ ತೊಡಿಸಿದಂತಾಯಿತು. ಪುರಾಣದಲ್ಲಿ ಇಂಥ ತ್ಯಾಗವನ್ನು ಓದಿದ್ದೇವೆ; ನಮ್ಮ ಕಾಲದಲ್ಲಿಯೇ ಇದು ನಡೆದಿದೆ. ಈ ವಿದ್ಯೆಯನ್ನು ಓದಲು ಹೊರಟ ಮಕ್ಕಳಿಗೆ ಮೊದಲನೆಯ ಪಾಠವಾಗಿ ಇದನ್ನೇ ಹೇಳಬೇಕೆಂದು ನನ್ನ ಅಭಿಪ್ರಾಯ.

ಇನ್ನು ಓದಿನ ವಿಚಾರ. ನಮ್ಮ ದೇಶದಲ್ಲಿ ಇದು ಎರಡು ವರ್ಷಗಳ, ಅಂದರೆ ನಾಲ್ಕು ಅರ್ಧವರ್ಷಗಳ ಎಂ.ಎಸ್‌ಸಿ. ವ್ಯಾಸಂಗ. ನಮ್ಮ ನಾಡಿನಲ್ಲಿ ಮಣಿಪಾಲದಲ್ಲಿ ಇದನ್ನು ಕಲಿಸುತ್ತಾರೆ. ಹೊರಗೆ ಇಂಗ್ಲೆಂಡಿನ ಆಕ್ಸ್‌ಫರ್ಡ್, ಆಸ್ಟ್ರೇಲಿಯದ ಮೊನಾಶ್ ಮೊದಲಾದ ವಿಶ್ವವಿದ್ಯಾಲಯಗಳಲ್ಲಿಯೂ ಇದೆ. ಜೀವವಿಜ್ಞಾನದಲ್ಲಿ ಬಿ.ಎಸ್‌ಸಿ. ಮಾಡಿದವರು ಬರುತ್ತಾರೆ, ವೈದ್ಯಪದವೀಧರರೂ ಪಶುವೈದ್ಯರೂ ಬರುವುದುಂಟು. ಜನನಾಂಗಗಳ ರಚನೆ, ಅವು ಕೆಲಸಮಾಡುವ ಬಗೆ, ಹಾರ್ಮೋನುಗಳು, ಅನುವಂಶೀಯತೆ, ಕಣಗಳನ್ನು ಪೋಷಿಸುವ ದ್ರವಗಳು, ಭ್ರೂಣಗಳನ್ನು ಶೀತದಲ್ಲಿ ಕಾದಿಡುವ ಕ್ರಮ, ವೀರ್ಯಪರೀಕ್ಷೆ, ಸಂಖ್ಯಾಶಾಸ್ತ್ರ, ಕಾನೂನು, ವೃತ್ತಿಧರ್ಮ, ಇಷ್ಟು ಪುಸ್ತಕದ ಓದು. ಕಡೆಯಲ್ಲಿ ಸ್ವತಂತ್ರವಾಗಿ ಒಂದು ಪ್ರಬಂಧವನ್ನು ಬರೆಯಬೇಕು.

ಆದರೆ ಈ ಓದಿನ ಅರ್ಧಪಾಲು ಕೈಯಲ್ಲಿದೆ. ಮನುಷ್ಯನ ಅಂಡಾಣು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ದೊಡ್ಡದು. ವೀರ್ಯಾಣುವಿನ ತಲೆ ಅದಕ್ಕಿಂತ ಇಪ್ಪತ್ತು ಪಾಲು ಚಿಕ್ಕದು. ಕೂದಲಿಗಿಂತ ಬಹು ತೆಳ್ಳಗಿನ ಗಾಜಿನ ಸೂಜಿಯಿಂದ ಒಂದೇ ಒಂದು ವೀರ್ಯಾಣುವನ್ನು ಹಿಡಿದು ಅಂಡಾಣುವಿನೊಳಗೆ ಬಿಡುವ ಕ್ರಮವೊಂದಿದೆ. ಅದಕ್ಕೆ ಇಕ್ಸಿ ಎನ್ನುತ್ತಾರೆ. ಬೆಲ್ಜಿಯಮ್ಮಿನ ಬ್ರಸೆಲ್ಸ್ ನಗರದಲ್ಲಿ ಅದು ಫಲಿಸಿದ ಸುದ್ದಿ 1992ರಲ್ಲಿ ಪ್ರಕಟವಾಯಿತು. ವಿದ್ಯಾರ್ಥಿಗಳು ಮೊದಲು ಇಲಿಯ ಭ್ರೂಣಗಳಂಥವುಗಳ ಮೇಲೆ ತಿಂಗಳುಗಟ್ಟಲೆ ಕೈ ಪಳಗಿಸಬೇಕು. ಕೈ ನಡುಗಬಾರದು, ಆತುರ ಕೂಡದು. ಬಾಣಭಟ್ಟನ ಸಮಾಸಗಳನ್ನು ಬಿಡಿಸುವುದೇ ಕಷ್ಟವೆಂದು ನಾನು ಇಷ್ಟು ದಿನ ತಿಳಿದಿದ್ದೆ.

ಹದಿನೈದು ದಿನಗಳಾದ ಮೇಲೆ ಗೌಡರು ಮತ್ತೆ ಬಂದರು. ನಾನು ಅವರ ಕಸುಬಿನಿಂದಲೇ ಮಾತು ಶುರುಮಾಡಿದೆ.

"ಗೌಡರೇ, ಚಾಕಿ ಹುಳು ಸಾಕುವಾಗ ಏನೇನು ಜೋಪಾನ ಮಾಡುತ್ತೀರಿ?"

"ಅಯ್ಯೋ, ಅದು ಎಳೇ ಕೂಸು ಇದ್ದಂಗೆ ಮೇಷ್ಟ್ರೇ. ಶಾಖ ಒಂದೇ ಸಮ ಇರಬೇಕು, ತೇವ ಇರಬೇಕು. ಕೈಕಾಲು ತೊಳೆಯದೆ ಒಳಕ್ಕೆ ಬಿಡಲ್ಲ. ಬೀಡಿ ಹೊಗೆ, ಔಷಧಿ ವಾಸನೆ ಹತ್ತಿರ ಸುಳಿಯಂಗಿಲ್ಲ. ಎಲೆ ಎಳೇದೇ ಆಗಬೇಕು."

"ನಿಮ್ಮ ಮಗಳು ಓದಬೇಕೆನ್ನುವುದೂ ಇದನ್ನೇ" ಎಂದೆ. ಭ್ರೂಣವನ್ನಿಡುವ ಪೆಟ್ಟಿಗೆಯಲ್ಲಿ ಶಾಖ 37 ಡಿಗ್ರಿಯಿರಬೇಕು, ತಾಯಿಯ ಮೈಯ ಶಾಖದಂತೆ. ಒಳಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ನೂರಕ್ಕೆ ಐದಾರು ಪಾಲು, ಆಮ್ಲಜನಕ ನೂರಕ್ಕೆ ಐದರಷ್ಟು ಮಾತ್ರ. ಅಲ್ಲಿ ಕೆಲಸಮಾಡುವವರು ಅತ್ತರು ಪೂಸಿಕೊಂಡು ಬರುವಂತಿಲ್ಲ. ಹೊಸ ಬಣ್ಣದ ವಾಸನೆಯೂ ಕೂಡದು. ಬೀಜಗಳು ಕೂಡಿದ ಹದಿನಾರು ಹದಿನೆಂಟು ಗಂಟೆಗಳಲ್ಲಿ ಅಂಡಾಣುವಿನೊಳಗೆ ಎರಡು ಪುಟ್ಟ ಬಿಂದುಗಳು ಕಾಣಬೇಕು. ಒಂದು ತಾಯಿಯದು, ಒಂದು ತಂದೆಯದು. ಎರಡನೆಯ ದಿನ ನಾಲ್ಕು ಕಣ, ಮೂರನೆಯ ದಿನ ಎಂಟು. ನಾಲ್ಕನೆಯ ದಿನ ಅವೆಲ್ಲ ಒತ್ತೊತ್ತಾಗಿ ಕೂಡಿ ಒಂದು ಹಣ್ಣಿನಂತೆ ಕಾಣುತ್ತವೆ. ಅದಕ್ಕೆ ಮೊರುಲಾ ಎಂದು ಹೆಸರು. ಮೊರುಲಾ ಎಂದರೇನು ಗೊತ್ತೆ? ಲ್ಯಾಟಿನ್ ಭಾಷೆಯಲ್ಲಿ ಪುಟ್ಟ ಹಿಪ್ಪುನೇರಳೆ ಹಣ್ಣು!

ಗೌಡರ ಮುಖ ಅರಳಿತು. "ನಮ್ಮ ತೋಟದ ಹಣ್ಣಾ!" ಎಂದರು.

"ನಿಮ್ಮ ತೋಟದ ಹಣ್ಣೇ. ಐದನೆಯ ದಿನ ಗುಳ್ಳೆ. ಬಿತ್ತನೆ ಕೋಠಿಯಲ್ಲಿ ತಾಯಿಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಗಂಟುರೋಗ ಇಲ್ಲವೆಂದು ಕಂಡ ಮೇಲೆ ತಾನೆ ನಿಮಗೆ ಮೊಟ್ಟೆ ಕೊಡುವುದು? ಪಾಶ್ಚರನೆಂಬ ಮಹಾನುಭಾವ 1860ರ ದಶಕದಲ್ಲಿ ಹೇಳಿಕೊಟ್ಟ ಕ್ರಮ ಅದು. ಹಾಗೆಯೇ ಇವರೂ ಪ್ರತಿ ಭ್ರೂಣವನ್ನು ನೋಡಿ, ಇದು ಚೆನ್ನಾಗಿದೆ, ಇದು ನಿಲ್ಲಲಾರದು ಎಂದು ಅಳೆಯುತ್ತಾರೆ. ಮಿಕ್ಕ ಭ್ರೂಣಗಳನ್ನು ದ್ರವ ಸಾರಜನಕದಲ್ಲಿ, ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಶೀತದಲ್ಲಿ ಕಾದಿಡುತ್ತಾರೆ. ನಿಮ್ಮ ಹಸುವಿಗೆ ಇಂಜೆಕ್ಷನ್ ಮಾಡಲು ಬರುವವರು ಹೊಗೆಯಾಡುವ ಜಾಡಿ ತರುತ್ತಾರಲ್ಲ, ಅದರೊಳಗಿರುವುದೂ ಅದೇ."

ಗೌಡರು ಬಹಳ ಹೊತ್ತು ಸುಮ್ಮನಿದ್ದು, "ಅದಲು ಬದಲು ಆದರೆ?" ಎಂದರು.

ಶ್ರೋತೃಗಳೇ, ಈ ವಿದ್ಯೆಯ ಹೃದಯವೇ ಆ ಪ್ರಶ್ನೆಯಲ್ಲಿದೆ. ಪ್ರತಿಯೊಂದು ತಟ್ಟೆ, ಪ್ರತಿಯೊಂದು ನಳಿಕೆಯ ಮೇಲೆ ದಂಪತಿಗಳ ಗುರುತು ಇರಬೇಕು. ಒಂದು ತಟ್ಟೆಯಿಂದ ಇನ್ನೊಂದಕ್ಕೆ ಸಾಗಿಸುವಾಗಲೆಲ್ಲ ಇನ್ನೊಬ್ಬರು ಪಕ್ಕದಲ್ಲಿ ನಿಂತು ಹೆಸರನ್ನು ಓದಿ, ಸರಿಯಿದೆಯೆಂದು ಸಹಿ ಮಾಡಬೇಕು. ಈಗ ಕೆಲವು ಕಡೆ ಯಂತ್ರವೂ ಗುರುತನ್ನು ಹಿಡಿಯುತ್ತದೆ. ಪರೀಕ್ಷೆಯ ಕೊಠಡಿಯಲ್ಲಿ ನೋಂದಣಿ ಸಂಖ್ಯೆಯನ್ನು ಪ್ರವೇಶಪತ್ರಕ್ಕೆ ತಾಳೆ ನೋಡಿ ಸಹಿ ಹಾಕುವಾಗ ನಾನು ಎಷ್ಟೋ ಸಲ ಬೇಸತ್ತಿದ್ದುಂಟು. ಅಲ್ಲಿ ತಪ್ಪಿದರೆ ಒಬ್ಬ ಹುಡುಗನ ಒಂದು ವರ್ಷ ಹೋದೀತು. ಇಲ್ಲಿ ತಪ್ಪಿದರೆ ಒಬ್ಬರ ಮಗು ಇನ್ನೊಬ್ಬರ ಮನೆಯಲ್ಲಿ ಹುಟ್ಟೀತು. ಪರದೇಶಗಳಲ್ಲಿ ಹಾಗಾದದ್ದೂ ಉಂಟು. ಆದುದರಿಂದ ಈ ವೃತ್ತಿಗೆ ಬುದ್ಧಿಗಿಂತ ಮೊದಲು ಬೇಕಾದದ್ದು ಬೇಸರವಿಲ್ಲದ ಪ್ರಾಮಾಣಿಕತೆ.

ನಮ್ಮ ದೇಶದಲ್ಲಿ ಈ ಚಿಕಿತ್ಸೆ ಹಬ್ಬಿದ ಬಹಳ ವರ್ಷಗಳ ಮೇಲೆ, 2021ರಲ್ಲಿ ಇದಕ್ಕೊಂದು ಕಾಯಿದೆಯಾಯಿತು. 2022ರ ಜನವರಿಯಲ್ಲಿ ಜಾರಿಗೆ ಬಂತು. ಚಿಕಿತ್ಸಾಲಯಗಳು ನೋಂದಾಯಿಸಿಕೊಳ್ಳಬೇಕು. ದಂಪತಿಗಳ ಲಿಖಿತ ಒಪ್ಪಿಗೆಯಿಲ್ಲದೆ ಏನನ್ನೂ ಮಾಡುವಂತಿಲ್ಲ. ಅಂಡಾಣುವನ್ನೋ ಭ್ರೂಣವನ್ನೋ ಮಾರುವಂತಿಲ್ಲ. ಹೆಣ್ಣೋ ಗಂಡೋ ಎಂದು ಆರಿಸಿಕೊಡುವುದು ಶಿಕ್ಷಾರ್ಹ ಅಪರಾಧ. ಈ ಕಡೆಯ ಮಾತನ್ನು ಒತ್ತಿ ಹೇಳುತ್ತೇನೆ. ಭ್ರೂಣವನ್ನು ಕಣ್ಣಾರೆ ಕಾಣುವ ಸ್ಥಾನದಲ್ಲಿ ಕುಳಿತವರ ಮುಂದೆ ಇಂಥ ಆಮಿಷ ಬಾರದಿರದು. ಬಂದಾಗ ಒಲ್ಲೆನೆನ್ನುವ ಎದೆಗಾರಿಕೆಯೂ ಅವರ ವ್ಯಾಸಂಗದ ಭಾಗವೇ.

ವಿದ್ಯಾರ್ಹತೆಯನ್ನೂ ನಿಯಮದಲ್ಲಿ ಹೇಳಿದೆ. ಪೂರ್ಣಾವಧಿಯ, ನಾಲ್ಕು ಅರ್ಧವರ್ಷಗಳ ಸ್ನಾತಕೋತ್ತರ ಪದವಿ, ಅದರ ಮೇಲೆ ಪ್ರಯೋಗಶಾಲೆಯಲ್ಲಿ ಮೂರು ವರ್ಷಗಳ ಅನುಭವ, ಇದು ಅದರಲ್ಲೊಂದು ಮುಖ್ಯ ದಾರಿ. ಇದನ್ನು ತಂದೆತಾಯಿಗಳು ಗಮನಿಸಬೇಕು. ಕೆಲವೇ ವಾರಗಳಲ್ಲಿ ಭ್ರೂಣಶಾಸ್ತ್ರಜ್ಞರನ್ನಾಗಿ ಮಾಡಿಬಿಡುತ್ತೇವೆಂದು ಪ್ರಮಾಣಪತ್ರ ಕೊಡುವ ಜಾಹೀರಾತುಗಳೂ ಇವೆ. ಕೈಗೆ ಅಭ್ಯಾಸ ಕೊಡುವ ಮಟ್ಟಿಗೆ ಅಂಥ ಶಿಬಿರ ಒಳ್ಳೆಯದೇ ಇರಬಹುದು. ಪದವಿಯ ಬದಲಿಗೆ ಅದು ಬಾರದು. ಹಣ ಕಟ್ಟುವ ಮುಂಚೆ ಮೂರು ಪ್ರಶ್ನೆ ಕೇಳಿ: ವಿಶ್ವವಿದ್ಯಾಲಯಕ್ಕೆ ಮಾನ್ಯತೆಯಿದೆಯೆ? ನಾಲ್ಕು ಅರ್ಧವರ್ಷಗಳು ಪೂರ್ಣಾವಧಿಯೆ? ನಿತ್ಯ ಕೆಲಸ ನಡೆಯುವ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿ ಕೈಯಿಟ್ಟು ಕಲಿಯುವ ಅವಕಾಶವಿದೆಯೆ? ಶುಲ್ಕ ಹಗುರವಾದದ್ದಲ್ಲ. ಕೆಲಸ ಸಿಗುವುದು ಬಹುಮಟ್ಟಿಗೆ ಪಟ್ಟಣಗಳಲ್ಲಿ. ಭ್ರೂಣಕ್ಕೆ ಭಾನುವಾರವಿಲ್ಲ, ಹಬ್ಬವಿಲ್ಲ. ಐದನೆಯ ದಿನ ಯುಗಾದಿಯಂದೇ ಬಂದರೂ ಹೋಗಲೇಬೇಕು.

ಇಷ್ಟನ್ನು ಹೇಳಿ ನಾನು ನನ್ನ ಮಾತು ಮುಗಿಸಬಹುದಾಗಿತ್ತು. ಆದರೆ ನಾನು ಈ ಹುಡುಗಿಯ ಪರವಾಗಿ ನಿಂತುದಕ್ಕೆ ನನ್ನ ಮನೆಯದೇ ಒಂದು ಕಾರಣವಿದೆ. ಅದನ್ನು ಹೇಳಲು ನನ್ನ ತಂಗಿ ಒಪ್ಪಿಗೆ ಕೊಟ್ಟಿದ್ದಾಳೆ.

ಅವಳ ಮದುವೆಯಾದದ್ದು 1994ರಲ್ಲಿ. ಹನ್ನೊಂದು ವರ್ಷ ಮಕ್ಕಳಾಗಲಿಲ್ಲ. ಅಶ್ವತ್ಥ ಪ್ರದಕ್ಷಿಣೆ ಮಾಡಿದಳು, ನಾಗಪ್ರತಿಷ್ಠೆ ಮಾಡಿಸಿದಳು, ಯಾರು ಯಾವ ಕಷಾಯ ಹೇಳಿದರೂ ಕುಡಿದಳು. ಒಂದು ಸೀಮಂತದಲ್ಲಿ ಆರತಿ ತಟ್ಟೆ ಹಿಡಿಯಲು ಮುಂದೆ ಬಂದವಳನ್ನು ಹಿರಿಯರೊಬ್ಬರು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ನಾನು ಅಲ್ಲೇ ಇದ್ದೆ, ಏನೂ ಹೇಳಲಿಲ್ಲ. ಕನ್ನಡದಲ್ಲಿ ಬಂಜೆ ಎಂಬ ಮಾತಿದೆ. ಅದಕ್ಕೆ ಸಮನಾಗಿ ಗಂಡಸಿಗೆ ಹೇಳುವ ಮಾತು ನಮ್ಮ ಮನೆಮಾತಿನಲ್ಲಿ ಯಾವುದಿದೆ? ಪಂಡಿತನಾದ ನಾನು ಆ ಪ್ರಶ್ನೆಯನ್ನು ಆಗ ಕೇಳಿಕೊಳ್ಳಲಿಲ್ಲ. ಭಾಷೆಯಲ್ಲಿ ಮಾತಿಲ್ಲದಿದ್ದರೆ ಜನಕ್ಕೆ ಸಂದೇಹವೂ ಬರುವುದಿಲ್ಲ. 2005ರಲ್ಲಿ ಪಟ್ಟಣದ ವೈದ್ಯರೊಬ್ಬರು ಮೊದಲ ದಿನವೇ ಗಂಡನನ್ನೂ ಪರೀಕ್ಷೆಗೆ ಕರೆದರು. ದೋಷವಿದ್ದದ್ದು ಅವರಲ್ಲಿ. ಹನ್ನೊಂದು ವರ್ಷ ಹೊತ್ತ ಹೊರೆ ಒಂದು ಹಾಳೆಯ ವರದಿಯಿಂದ ಇಳಿಯಿತು. ಮಕ್ಕಳಾಗದ ಸಂದರ್ಭಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಗಂಡಸಿನ ಕಡೆಯ ಕಾರಣವೂ ಸೇರಿರುತ್ತದೆಂದು ಈಗ ಓದಿ ತಿಳಿದೆ. ಆರು ಜನರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಎಂದಾದರೂ ಈ ತೊಂದರೆ ಬರುವುದುಂಟೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಹಾಗೆಂದ ಮೇಲೆ ಇದು ಯಾರೋ ಒಬ್ಬರ ಕರ್ಮವಲ್ಲ. ಎಲ್ಲರ ಬೀದಿಯಲ್ಲೂ ಇರುವ ಸಂಗತಿ.

ಮರುವರ್ಷ ಸಾಲ ಮಾಡಿ ಅವರು ಈ ಚಿಕಿತ್ಸೆಗೆ ಹೋದರು. ಫಲಿಸಲಿಲ್ಲ. ಹಾಗಾಗುವುದು ಅಪರೂಪವಲ್ಲ. ಜಗತ್ತಿನಲ್ಲಿ ಇದುವರೆಗೆ ಒಂದು ಕೋಟಿಗೂ ಮಿಕ್ಕು ಮಕ್ಕಳು ಈ ಕ್ರಮದಿಂದ ಹುಟ್ಟಿದ್ದರೂ, ಒಂದೊಂದು ಪ್ರಯತ್ನವನ್ನು ಬಿಡಿಯಾಗಿ ನೋಡಿದರೆ ಫಲಿಸುವುದಕ್ಕಿಂತ ಫಲಿಸದಿರುವುದೇ ಹೆಚ್ಚು. ತಾಯಿಯ ವಯಸ್ಸು ಏರಿದಂತೆ ಇನ್ನೂ ಕಡಮೆ. ನಮ್ಮ ತಂಗಿಗೆ ನೋವಾದದ್ದು ಅದರಿಂದಲ್ಲ. "ಎಷ್ಟು ಭ್ರೂಣ ಆಗಿತ್ತು, ಎಷ್ಟನೇ ದಿನ ನಿಂತುಹೋಯಿತು, ಒಬ್ಬರೂ ಹೇಳಲಿಲ್ಲ ಅಣ್ಣ. ಇಂಗ್ಲಿಷಿನ ಕಾಗದಕ್ಕೆ ರುಜು ಹಾಕಿದ್ದೆ, ಇಂಗ್ಲಿಷಿನ ಬಿಲ್ಲು ಕೊಟ್ಟರು. ಒಳಗೆ ನೋಡಿದವರು ಯಾರೋ, ಅವರ ಮುಖವನ್ನೂ ಕಾಣಲಿಲ್ಲ" ಎಂದಳು. ಈ ಹುಡುಗಿಯ ವಿಷಯ ತಿಳಿದಾಗ ಅವಳು ಹೇಳಿದ್ದಿಷ್ಟೆ: "ಓದಲಿ ಬಿಡಣ್ಣ. ಕನ್ನಡದಲ್ಲಿ ಹೇಳೋರು ಒಬ್ಬರಾದರೂ ಒಳಗಿರಲಿ."

ಈ ಮಾತನ್ನು ನಾನು ನನ್ನ ಶಿಷ್ಯೆಗೆ ತಿಳಿಸಿದೆ. ಒಪ್ಪಿಗೆಯ ಕಾಗದಕ್ಕೆ ಸಹಿ ಮಾಡುವ ಹೆಣ್ಣುಮಗಳಿಗೆ ತಾನು ಯಾವುದಕ್ಕೆ ಒಪ್ಪುತ್ತಿದ್ದೇನೆಂದು ತನ್ನ ಭಾಷೆಯಲ್ಲಿ ತಿಳಿಯದಿದ್ದರೆ ಅದು ಒಪ್ಪಿಗೆ ಹೇಗಾದೀತು? ಅದಕ್ಕಾಗಿ ನಾವಿಬ್ಬರೂ ಕುಳಿತು ಒಂದು ನೋಟ್‌ಪುಸ್ತಕದಲ್ಲಿ ಪದಗಳನ್ನು ಬರೆಯುತ್ತ ಬಂದಿದ್ದೇವೆ. ನಾನು ಸಂಸ್ಕೃತದ ಉದ್ದುದ್ದ ಸಮಾಸ ಕೊಟ್ಟರೆ ಅವಳು, "ಸಾರ್, ಇದು ಇಂಗ್ಲಿಷಿಗಿಂತ ಕಷ್ಟ" ಎಂದು ಹೊಡೆದುಹಾಕುತ್ತಾಳೆ. ಮೊರುಲಾ ಸ್ಥಿತಿಗೆ ಹಿಪ್ಪುನೇರಳೆ ಎಂದೇ ಇಟ್ಟಿದ್ದೇವೆ. ಅದರ ಮುಂದಿನದಕ್ಕೆ ನೀರಗುಳ್ಳೆ. ಬಂಜೆ ಎಂಬ ಮಾತು ನಮ್ಮ ಪುಸ್ತಕದಲ್ಲಿಲ್ಲ.

ಈಗ ಆಕೆ ಮೊದಲನೆಯ ವರ್ಷದ ಓದಿನಲ್ಲಿದ್ದಾಳೆ. ಗೌಡರು ಬ್ಯಾಂಕಿನಿಂದ ಸಾಲ ಮಾಡಿದ್ದಾರೆ. ಇಲಿಯ ಭ್ರೂಣವೊಂದನ್ನು ಕೈಯಾರೆ ಒಂದು ತಟ್ಟೆಯಿಂದ ಇನ್ನೊಂದಕ್ಕೆ ಸಾಗಿಸಿದ ದಿನ ಆಕೆ ಫೋನು ಮಾಡಿ, "ಮೂರು ಸಲ ಕಳೆದುಬಿಟ್ಟೆ ಸಾರ್, ನಾಲ್ಕನೇ ಸಲ ಬಂತು" ಎಂದಳು. ಊರಿನಲ್ಲಿ ಯಾರಾದರೂ "ಮಗಳು ಏನು ಓದ್ತಾಳೆ?" ಎಂದರೆ ಗೌಡರು ಈಗ ತಡವರಿಸುವುದಿಲ್ಲವಂತೆ.

"ಚಾಕಿ ಸಾಕೋ ಓದು. ಮನುಷ್ಯರದ್ದು" ಎನ್ನುತ್ತಾರಂತೆ.

ಇದಕ್ಕಿಂತ ಚೆನ್ನಾದ ಕನ್ನಡ ನನಗೂ ಹೊಳೆದಿಲ್ಲ.